ಐದು ಗಂಟೆಗೊಂದು ಸೀರೆ

ಹೋದ ವರ್ಷ, ಎಪ್ಪತ್ತಮೂರರ ಯುಗಾದಿ ಕಳೆದ ಮೇಲೆ, ದೊಡ್ಡಬಳ್ಳಾಪುರದ ಒಂದು ಮಗ್ಗದ ಮನೆಯಲ್ಲಿ ನಡೆದದ್ದಿದು. ಒಂದು ಸೀರೆ ನೇಯಲು ಎಷ್ಟು ಹೊತ್ತು ಬೇಕೆಂದು ಅಳೆಯಲು ಯಜಮಾನರು ಗಡಿಯಾರ ಹಿಡಿದು ಬಂದರು. ಚುರುಕು ನೇಕಾರ ಸೀನಪ್ಪನ ಮಗ್ಗದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು.

ನೇಕಾರರ ಸಂಘದ ಆದಿನಾರಾಯಣಪ್ಪ ಮೊದಲೇ ಹೇಳಿದ್ದ. "ಲೇ ಸೀನ, ದಿನಾ ಹೆಂಗ್ ನೇಯ್ತೀಯೋ ಹಂಗೇ ನೇಯಿ. ಒಬ್ನೇ ನೇಯಿ. ಇವತ್ತು ನೀನು ಓಡಿದ್ರೆ ನಾಳೆಯಿಂದ ಎಲ್ರೂ ಓಡ್ಬೇಕಾಗ್ತದೆ ಕಣೋ."

"ಕೈಲಾಗ್ದೋನು ಮೈ ಪರಚ್ಕೊಂಡ್ನಂತೆ, ಹೋಗಲೋ!" ಎಂದು ಸೀನಪ್ಪ ನಕ್ಕ.

ಅವನ ಬೆನ್ನ ಹಿಂದೆ ಹೆಂಡತಿ ಮುನಿರತ್ನಮ್ಮ ನಿಂತಳು. ಲಾಳಿಗೆ ನೂಲಿನ ಕಂಡಿಕೆ ಹಾಕಿಕೊಟ್ಟಳು, ಹರಿದ ಎಳೆ ಕಟ್ಟಿದಳು. ಹೆಂಗಸರ ಈ ಕೆಲಸವನ್ನು ನಮ್ಮಲ್ಲಿ ಯಾರೂ ಕೆಲಸವೆನ್ನುವುದಿಲ್ಲ. ಅಂದು ಕರೆಂಟೂ ಹೋಗಲಿಲ್ಲ, ಸೀನಪ್ಪ ನೀರಿಗೂ ಕದಲಲಿಲ್ಲ. ಐದೇ ಗಂಟೆಯೊಳಗೆ ಸೀರೆ ಇಳಿಯಿತು. ಯಜಮಾನರು ಬೆನ್ನು ತಟ್ಟಿದರು. ಆ ಬೆನ್ನು ತಟ್ಟಿದ್ದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಮರುದಿನವೇ ಗೋಡೆಯ ಮೇಲೆ ಬರೆಸಿದರು: ಸೀರೆಗೆ ಐದು ಗಂಟೆ, ಆಗದವರು ಮಗ್ಗ ಬಿಡಬಹುದು.

ಮೂರು ತಿಂಗಳಿಗೆ ಮುನಿರತ್ನಮ್ಮ ಹೆತ್ತಳು. ಒಬ್ಬನೇ ನೇಯ್ದರೆ ಸೀನಪ್ಪನಿಗೆ ಏಳು ಗಂಟೆ ಹಿಡಿಯಿತು. "ಇದೊಂದು ವಾರ ನೋಡ್ತೀನಿ" ಎಂದರು ಯಜಮಾನರು. ಹೆತ್ತ ಹನ್ನೆರಡನೇ ದಿನಕ್ಕೇ ಬಾಣಂತಿ ತಲೆಗೆ ಬಟ್ಟೆ ಸುತ್ತಿಕೊಂಡು ಮಗ್ಗಕ್ಕೆ ಬಂದಳು. ಜೋಳಿಗೆಯಲ್ಲಿ ಮಗು ಅತ್ತದ್ದು ಮಗ್ಗಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ವಾರದೊಳಗೆ ಅವಳಿಗೆ ಜ್ವರ ಹಿಡಿಯಿತು, ಎದೆಹಾಲು ಬತ್ತಿತು.

"ಗೋಡೆ ಮೇಲೆ ಬರ್ಸಿದ್ದು ನಾನೇ ಕಣೋ" ಎಂದು ಸೀನಪ್ಪ ಆದಿನಾರಾಯಣಪ್ಪನ ಮುಂದೆ ಅತ್ತ.

"ಹೊತ್ತು ಇನ್ನೊಂದ್ಸಲ ಅಳತೆ ಮಾಡ್ಸೋಣ" ಎಂದ ಆದಿನಾರಾಯಣಪ್ಪ. "ಚುರುಕಾದೋನು, ಹೊಸಬ, ವಯಸ್ಸಾದೋನು, ಮೂರೂ ಜನದ್ದು. ಎಳೆ ಕಟ್ಟೋದು, ಕಂಡಿಕೆ ಬದಲಾಯ್ಸೋದು, ನೀರು, ಕರೆಂಟು ಹೋಗೋದು, ಎಲ್ಲಾ ಸೇರ್ಸಿ."

"ಯಜಮಾನ್ರು ಒಪ್ತಾರೇನೋ?"

"ನೀನೊಬ್ನೇ ಕೇಳಿದ್ರೆ ಒಪ್ಪಲ್ಲ."

ನೇಕಾರರೆಲ್ಲ ಸೇರಿ ಕೇಳಿದರು, ಆ ಮನೆಯ ಹದಿನೆಂಟು ಮಗ್ಗಗಳನ್ನೂ ನಿಲ್ಲಿಸಿದರು. ಮೂರನೇ ದಿನ ಯಜಮಾನರು ಒಪ್ಪಿದರು. ವಾರವಿಡೀ ಅಳೆದ ಮೇಲೆ ಸೀರೆಗೆ ಏಳೂವರೆ ಗಂಟೆ ಎಂದಾಯಿತು.

ಸೀನಪ್ಪ ಅದನ್ನು ಹೇಳಲು ಮನೆಗೆ ಓಡಿದ. ಮುನಿರತ್ನಮ್ಮ ಒಳಲೆಯಲ್ಲಿ ಮಗುವಿಗೆ ಹಸುವಿನ ಹಾಲು ಕುಡಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಅವತ್ತೇ ನಿಜ ತೋರ್ಸಿದ್ರೆ ಈ ಮಗು ನನ್ ಹಾಲು ಕುಡೀತಿತ್ತಲ್ರೀ" ಎಂದಳು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಹೊತ್ತು ಅಳೆಯಲು ಬಂದವರ ಮುಂದೆ ಶೂರರಾಗಬೇಡಿ. ದಿನದಂತೆ ಮಾಡಿ. ಜೊತೆಗೆ ದುಡಿಯುವ ಕೈಗಳನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಿ. ಒಬ್ಬೊಬ್ಬರಾಗಿ ಕೇಳಬೇಡಿ, ಎಲ್ಲರೂ ಸೇರಿ ಕೇಳಿ. ನಿಮ್ಮ ಮನೆಯಲ್ಲಿ ಬಾಣಂತಿ ಎದ್ದು ಮಗ್ಗಕ್ಕೆ ಬರುವ ತನಕ ಕಾಯಬೇಡಿ.