ಜಾರಿ ಬಿದ್ದ ಕೈ

"ಸಹಿ ಹಾಕೇ, ಹರಾಮಿ! ಬಲಗೈ ಇಲ್ಲದಿದ್ದರೆ ಎಡಗೈಲಿ ಗೀಚು. ನಿನ್ನ ಸಹಿ ಏನು ಮಹಾರಾಣಿಯದಾ?"

ಸೂಪರ್‌ವೈಸರ್ ರಜತ್ ಬೈದದ್ದು ಹಿಂದಿಯಲ್ಲಿ. ಮೆಟ್ರೊ ಕೆಲಸಕ್ಕೆಂದು ಬಂದ ಗಂಡನ ಹಿಂದೆ ನಾನು ಯಾದಗಿರಿಯಿಂದ ದಿಲ್ಲಿಗೆ ಬಂದು ಹದಿನಾಲ್ಕು ವರ್ಷವಾಯಿತು. ಬೈಸಿಕೊಳ್ಳುವುದಕ್ಕೆ ನನಗೆ ಈಗ ಯಾವ ಭಾಷೆಯಾದರೂ ಒಂದೇ. ಜನಕಪುರಿಯ ಈ ಆಸ್ಪತ್ರೆಯಲ್ಲಿ ಆಯಾ ಆಗಿ ಹನ್ನೊಂದು ವರ್ಷ ಹೇಲು, ಉಚ್ಚೆ, ವಾಂತಿ ಬಳಿದಿದ್ದೇನೆ. ನನ್ನ ಹೆಸರು ಗಿರಿಜಮ್ಮ ಎಂದು ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ನಾನು "ಏ ಆಯಾ".

"ಏನ್ ಬರ್ದದ ಭಯ್ಯಾ ಇದ್ರಾಗ?" ಎಂದು ನನ್ನ ಹರಕು ಹಿಂದಿಯಲ್ಲೇ ಕೇಳಿದೆ.

"ಒರೆಸಿದ ನೆಲದ ಮೇಲೆ ನನ್ನ ತಪ್ಪಿನಿಂದಲೇ ಜಾರಿ ಬಿದ್ದು ಕೈ ಮುರಿದುಕೊಂಡೆ ಅಂತ. ಬೇಗ ಹಾಕು."

ನಾನು ಜಾರಿ ಬಿದ್ದವಳಲ್ಲ. ನಿನ್ನೆ ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ಪ್ರಾಪರ್ಟಿ ಡೀಲರ್ ತನ್ನ ಅಪ್ಪನನ್ನು ಕಾರಿನಲ್ಲಿ ಹಾಕಿಕೊಂಡು ಬಂದ. ಮುದುಕನ ಜೀವ ದಾರಿಯಲ್ಲೇ ಹೋಗಿತ್ತು. ನಮ್ಮ ದಾವಣಗೆರೆ ಕಡೆಯ ಧನುಷ್ ಡಾಕ್ಟರು ಎದೆ ಒತ್ತಿ ಒತ್ತಿ ಬೆವತು, ಕೊನೆಗೆ ಇಲ್ಲ ಎಂದು ತಲೆಯಾಡಿಸಿದರು. ಅಷ್ಟೇ. ಡೀಲರ್ ಡಾಕ್ಟರ ಕೆನ್ನೆಗೆ ಬಾರಿಸಿದ. ಅವನ ಭಾಮೈದ ಸಲೈನ್ ಬಾಟಲಿ ತೂಗುಹಾಕುವ ಕಬ್ಬಿಣದ ಸ್ಟ್ಯಾಂಡ್ ಎತ್ತಿದ. ನಾನು ಸ್ಟ್ರೆಚರಿನ ಪಕ್ಕ ಕೂತು ಆ ಮುದುಕನ ಹೇಲು ಬಳಿಯುತ್ತಿದ್ದೆ. ಯಾಕೆ ಎದ್ದೆನೋ, ಯಾಕೆ ಕೈ ಅಡ್ಡ ಹಿಡಿದೆನೋ, ಗೊತ್ತಿಲ್ಲ. ಡಾಕ್ಟರ ತಲೆಗೆ ಬೀಳಬೇಕಾದದ್ದು ನನ್ನ ಮಣಿಕಟ್ಟಿಗೆ ಬಿತ್ತು. ಮೂಳೆ ಮುರಿದ ಸಪ್ಪಳ ನನಗೇ ಕೇಳಿಸಿತು.

ಕೆಳಗೆ ಬಿದ್ದ ನನ್ನನ್ನು ಡೀಲರ್ ಬೂಟುಗಾಲಿಂದ ಒದ್ದ. "ಯಾವ ಜಾತಿಯವಳೇ ನೀನು? ಈ ಕೈಯಲ್ಲಿ ನಮ್ಮಪ್ಪನ್ನ ಮುಟ್ಟಿದೆಯಾ?" ಅಂದ. ಅವನಪ್ಪನ ಹೇಲು ಬಳಿಯುವ ತನಕ ನನ್ನ ಜಾತಿ ಅವನಿಗೆ ಬೇಕಿರಲಿಲ್ಲ. ಥೂ, ಇವನ ಬಾಯಿಗೆ ಮಣ್ಣು ಹಾಕ.

"ಸಹಿ ಹಾಕಿದರೆ ನೌಕರಿ. ಇಲ್ಲದಿದ್ದರೆ ನಾಳೆಯಿಂದ ಬರಬೇಡ," ಎಂದ ರಜತ್.

ಡಾಕ್ಟರ್ ಸಾಹೇಬರನ್ನು ಕೇಳಿ ಬರುತ್ತೇನೆ ಎಂದು ಎಮರ್ಜೆನ್ಸಿಗೆ ಹೋದೆ. ಧನುಷ್ ಡಾಕ್ಟರು ಬಿಳಿ ಕೋಟಿನ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕೂತಿದ್ದರು. ಹೊರಗೆ ಗೇಟಿನಲ್ಲಿ ಡಾಕ್ಟರುಗಳೆಲ್ಲ ಧರಣಿ ಹೂಡಿದ್ದರು. ಇವರ ಕೆನ್ನೆಗೆ ಬಿದ್ದ ಏಟಿಗೆ ಟಿವಿಯವರೂ ಬಂದಿದ್ದರು.

"ಡಾಕ್ಟ್ರ, ನನ್ ಫೈಲಿನಾಗ ಏನ್ ಬರದೀರಿ?"

ಅವರು ತಲೆ ಎತ್ತಲಿಲ್ಲ. "ಬಿದ್ದಿದ್ದು ಅಂತ, ಗಿರಿಜಮ್ಮ."

"ನಾ ಎಲ್ಲಿ ಬಿದ್ದೀನ್ರಿ? ನಿಮ್ ತಲಿ ಒಡೀಬೇಕಾದ್ದು ನನ್ ಕೈ ಮುರೀತು. ನೀವs ಕಣ್ಣಾರೆ ನೋಡೀರಲ್ಲ!"

"ನೋಡಿದೀನಿ. ಏನ್ಮಾಡ್ಲಿ? ಡೈರೆಕ್ಟರ್ ಹೇಳಿದಾರೆ. ಹೊಡೆದು ಮೂಳೆ ಮುರಿದ್ರು ಅಂತ ಬರೆದ್ರೆ ಕೇಸ್ ದೊಡ್ಡದಾಗುತ್ತೆ. ಕೆನ್ನೆ ಏಟಾದ್ರೆ ರಾಜಿ ಮಾಡ್ಕೋಬಹುದು. ನನ್ನ ಟ್ರೈನಿಂಗ್ ಇನ್ನೂ ಆರು ತಿಂಗಳಿದೆ, ಸರ್ಟಿಫಿಕೇಟ್ ಅವರ ಕೈಲಿದೆ. ಆ ಡೀಲರ್ ಸಂಜೆ ಬಂದು ಕ್ಷಮೆ ಕೇಳ್ತಾನಂತೆ."

"ಯಾರಿಗಿ ಕೇಳ್ತಾನ?"

ತೋಳಿನ ಕಪ್ಪು ಪಟ್ಟಿ ಸರಿಮಾಡಿಕೊಂಡರು. "ನನಗೆ," ಅಂದರು.

ಹನ್ನೊಂದು ವರ್ಷ ಕಂಡವರ ಹೊಲಸು ಬಳಿದರೂ ಹೇಸಿಗೆ ಅನ್ನಿಸಿರಲಿಲ್ಲ. ಈ ಹುಡುಗನ ಮುಖ ನೋಡಿ ಅನ್ನಿಸಿತು. ಅಷ್ಟರಲ್ಲಿ ಹೊರಗಿನಿಂದ ಯಾರೋ "ಧನುಷ್, ಕ್ಯಾಮೆರಾ ಬಂದಿದೆ, ಚಲೋ ಚಲೋ" ಎಂದು ಕೂಗಿದರು. ಅವರು ಎದ್ದು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಹೋದರು.

ಮೇಜಿನ ಮೇಲೆ ಎರಡು ಫೈಲು ಉಳಿದವು, ಅವರದು ಮತ್ತು ನನ್ನದು. ಅವರದರ ಮೇಲೆ ಕೆಂಪು ಮುದ್ರೆ ಇತ್ತು, ನನ್ನದರ ಮೇಲೆ ಇರಲಿಲ್ಲ. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಆ ಮೂರು ಕೆಂಪು ಅಕ್ಷರ ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ಹೊಡೆತ ತಿಂದವರು, ಚೂರಿ ಇರಿತದವರು, ಸುಟ್ಟ ಸೊಸೆಯಂದಿರು, ಯಾರು ಬಂದರೂ ಮೊದಲು ಫೈಲಿನ ಮೇಲೆ ಇದು ಪೊಲೀಸ್ ಕೇಸು ಎನ್ನುವ ಆ ಎಮ್ಮೆಲ್ಸಿ ಮುದ್ರೆ ಬೀಳುತ್ತದೆ, ಆಮೇಲೆ ಪೊಲೀಸರು ಬರುತ್ತಾರೆ. ಅಂಥ ಫೈಲು ಎಷ್ಟು ಹೊತ್ತಿದ್ದೇನೋ ಲೆಕ್ಕವಿಲ್ಲ. ಕೆನ್ನೆಗೆ ಮುದ್ರೆ ಬಿತ್ತು, ಮುರಿದ ಕೈಗೆ ಬೀಳಲಿಲ್ಲ.

ಮುದ್ರೆ ಅಲ್ಲೇ ಇತ್ತು. ಎಡಗೈಯಲ್ಲಿ ಎತ್ತಿಕೊಂಡೆ. ಮೊದಲು ನನ್ನ ಫೈಲಿಗೆ ಒತ್ತೋಣ ಎಂದುಕೊಂಡೆ. ಫೈಲಾದರೆ ಹರಿದು ಹಾಕುತ್ತಾರೆ ಬಾಡ್ಯಾಗಳು. ನನ್ನ ಕೈಯ ಬಿಳಿ ಪ್ಲಾಸ್ಟರಿಗೇ ಒತ್ತಿದೆ. ಒಂದಲ್ಲ, ಐದಾರು ಸಲ, ಮಣಿಕಟ್ಟಿನಿಂದ ಮೊಣಕೈ ತನಕ. ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ನಿಲ್ಲಿಸಲಿಲ್ಲ.

ರಜತ್ ಒಳಗೆ ಬಂದವನೇ ಹೌಹಾರಿದ. "ಪಾಗಲ್ ಔರತ್! ಏನೇ ಮಾಡಿದೆ?" ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಕೈ ಹಿಡಿದು ತಿಕ್ಕಿದ. ಬಣ್ಣ ಹೋಗಲಿಲ್ಲ. ತಿಕ್ಕಿದಷ್ಟೂ ಹರಡಿತು.

"ತಿಕ್ಕಲೇ, ತಿಕ್ಕು," ಅಂದೆ, ಈ ಸಲ ಕನ್ನಡದಲ್ಲೇ. "ನಿಮ್ಮಪ್ಪ ಬಂದ್ರೂ ಹೋಗಂಗಿಲ್ಲ. ನಿನ್ ಕಾಗದಕ್ಕ ನೀನs ಸಹಿ ಮಾಡ್ಕೋ."

ಕೈ ಕಿತ್ತುಕೊಂಡು ಗೇಟಿಗೆ ನಡೆದೆ. ಧರಣಿಯವರ ಸಾಲಿನ ನಡುವೆ ಧನುಷ್ ಡಾಕ್ಟರು ಮೈಕಿನ ಮುಂದೆ ನಿಂತು, ಸೇವೆ ಮಾಡುವವರ ಮೇಲೆ ಕೈ ಎತ್ತಿದರೆ ಸಹಿಸುವುದಿಲ್ಲ ಎನ್ನುತ್ತಿದ್ದರು. ನಾನು ಅವರ ಪಕ್ಕ ಹೋಗಿ ನಿಂತು ಕೈ ಎತ್ತಿ ಹಿಡಿದೆ. ಅವರ ಮಾತು ಅರ್ಧಕ್ಕೇ ನಿಂತಿತು.

ಟಿವಿಯ ಹುಡುಗಿ ನನ್ನ ಕಡೆ ಮೈಕು ಚಾಚಿದಳು. "ಆಂಟಿ, ಇದೇನಾಯ್ತು? ಯಾರು ಹೊಡೆದದ್ದು?"

"ಇವರನ್ನ ಕೇಳಮ್ಮ," ಅಂದೆ ಹಿಂದಿಯಲ್ಲಿ. "ನಾನು ಬಿದ್ದೆ ಅಂತ ಬರೆದವರು ಇವರೇ."

ಮೈಕು ಅವರ ಬಾಯಿಯ ಹತ್ತಿರ ಹೋಯಿತು. ನಾನು ಕೈ ಇಳಿಸಲಿಲ್ಲ.