ಕಿಡಿ ಹಾರುವ ಎತ್ತರ

೧೯೫೭ರಲ್ಲಿ ಬದರಿನಾಥ ಮೂರನೆಯ ಸಲ ಲೈಸೆನ್ಸ್ ಪರೀಕ್ಷೆಗೆ ಕಟ್ಟಿದ. ವಿಮಾನದ ವೈರಿಂಗ್ ರಿಪೇರಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪರೀಕ್ಷಕರ ಮುಂದೆ ಕೂತರೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಪಾಸಾದರೆ ವಿಮಾನ ನಿಲ್ದಾಣದ ಪಕ್ಕ ಕ್ವಾರ್ಟರ್ಸ್ ಸಿಗುತ್ತಿತ್ತು. ಹೆಂಡತಿ ಜಯಲಕ್ಷ್ಮೀ ಮಠಕ್ಕೆ ಹೋಗಿ ರಾಯರಿಗೆ ಹರಕೆ ಹೊತ್ತದ್ದು ಲೈಸೆನ್ಸಿಗಲ್ಲ, ಆ ಕ್ವಾರ್ಟರ್ಸಿನ ಅಡುಗೆಮನೆಗೆ. ತಮಿಳರ ನಡುವೆ, ಬೀಚಿನ ಪಕ್ಕದ ತಿರುವಲ್ಲಿಕ್ಕೇಣಿಯ ಈ ಮನೆಯಲ್ಲಿ ಅತ್ತೆ ಜಾನಕಮ್ಮ ಮಡಿಯುಟ್ಟು ಒಲೆ ಮುಂದೆ ಕೂತರೆ, ಸೊಸೆಯಾಗಿ ಬಂದು ಹದಿನೆಂಟು ವರ್ಷವಾದರೂ ಅವಳು ಹೊರಗೆ ನಿಂತು ಸಾರಿನ ವಾಸನೆ ಕುಡಿಯಬೇಕಾಗಿತ್ತು.

"ಪ್ರೆಷರ್ ಕಮ್ಮಿಯಾದ್ರೆ ಬ್ರೇಕ್‌ಡೌನ್ ವೋಲ್ಟೇಜ್..." ಬದರಿನಾಥ ಉರು ಹೊಡೆಯುತ್ತಿದ್ದ.

"ಹಾಗಂದ್ರೇನ್ರೀ?"

"ನೆಲದ ಮೇಲೆ ಸುಮ್ಮನಿರೋ ಕರೆಂಟು ಎತ್ತರಕ್ಕೆ ಹೋದ್ರೆ ಕಿಡಿಯಾಗಿ ಹಾರತ್ತೆ ಕಣೆ. ಗಾಳಿ ತೆಳುವಾದ್ರೆ ಯಾಕೆ ಹಾರಬೇಕು? ಅದೇ ತಲೆಗೆ ಹೋಗ್ತಿಲ್ಲ."

"ಇವ್ಳೋದಾನಾ? ಇಷ್ಟೇನಾ?" ಒಳಗಿಂದ ಜಾನಕಮ್ಮನ ದನಿ. "ಗುಡಿ ಬೀದೀಲಿ ಜನ ಗಿಜಿಗುಡ್ತಿದ್ರೆ ಪೋಲಿ ಹುಡುಗ ಓಡಕ್ಕಾಗತ್ತೇನೋ? ಹೆಜ್ಜೆಗೊಬ್ಬರಿಗೆ ಡಿಕ್ಕಿ ಹೊಡೆದು ನಿಂತುಹೋಗ್ತಾನೆ. ಅವನನ್ನೇ ಬೀಚಲ್ಲಿ ಬಿಡು! ಅಡ್ಡ ಯಾರೂ ಇಲ್ಲ, ಅಷ್ಟು ದೂರದಿಂದ ಓಡಿ ಬಂದು ಮೈಮೇಲೆ ಬೀಳ್ತಾನೆ. ಮಡಿ ಹೋಯ್ತು."

"ಆಗೇನು ಮಾಡ್ತೀಯಮ್ಮ?"

"ಇನ್ನೂ ದೂರ ನಿಲ್ತೀನಿ. ಇಲ್ಲಾ, ಪಟ್ಟೆ ಸೀರೆ ಸುತ್ತಿಕೋತೀನಿ, ರೇಷ್ಮೆಗೆ ಮೈಲಿಗೆ ತಟ್ಟಲ್ಲ."

ಬದರಿನಾಥ ಪುಸ್ತಕ ಮುಚ್ಚಿದ. ವರ್ಕ್‌ಶಾಪಿನಲ್ಲಿ ಅವನು ತಂತಿಗೆ ಸುತ್ತುತ್ತಿದ್ದದ್ದೂ ವಾರ್ನಿಷ್ ಬಳಿದ ರೇಷ್ಮೆಯನ್ನೇ.

ಪರೀಕ್ಷೆಯಲ್ಲಿ ಇಂಗ್ಲಿಷ್ ಕೈಕೊಟ್ಟಾಗ ಬೀಚಿನ ಪೋಲಿ ಹುಡುಗ ಅಮ್ಮನ ಮಡಿ ಸಮೇತ ಬಾಯಿಂದ ಹೊರಟೇಬಿಟ್ಟ. ಅಯ್ಯಂಗಾರ್ ಪರೀಕ್ಷಕರು, ತಮ್ಮ ಮನೆಯಲ್ಲೂ ಇಂಥ ಮಡಿಯಮ್ಮ ಒಬ್ಬರಿದ್ದಾರೆಂದು ತಮಿಳಿನಲ್ಲಿ ಹೇಳಿ, ಹೊಟ್ಟೆ ಹಿಡಿದು ನಕ್ಕು ಪಾಸು ಮಾಡಿದರು.

ಮನೆಗೆ ಬಂದವನು ನೇರ ತಾಯಿಯ ಎದುರು ನಿಂತ. "ಅಮ್ಮಾ, ನಿನ್ನಿಂದಲೇ ಪಾಸಾದೆ. ಹೊಸ ಮನೇಲೂ ನೀನೇ ಒಲೆ ಹಚ್ಚಬೇಕು."

ಹೊರಗಿದ್ದ ಜಯಲಕ್ಷ್ಮಿಗೂ ಅದು ಕೇಳಿಸಿತು. ಗಂಡನನ್ನು ಫೇಲು ಮಾಡಿಸಪ್ಪಾ ಎಂದು ರಾಯರನ್ನು ಈಗ ಕೇಳಿಕೊಳ್ಳಲು ತಡವಾಗಿತ್ತು.

"ಎಲ್ಲಿ, ಆ ಏರೋಪ್ಲೇನ್ ಇಳಿಯೋ ಮೀನಂಬಾಕ್ಕದಲ್ಲಾ?" ಜಾನಕಮ್ಮ ಮೂಗು ಮುಚ್ಚಿಕೊಂಡರು. "ರಾಮ ರಾಮ! ಹೆಸರಲ್ಲೇ ಮೀನಿಟ್ಕೊಂಡಿರೋ ಊರಲ್ಲಿ ನಾನು ನೈವೇದ್ಯ ಮಾಡ್ಲಾ?"

"ಮತ್ಸ್ಯಾವತಾರ ಅನ್ಕೋಮ್ಮ."

"ಅವತಾರಕ್ಕೆ ಇಲ್ಲಿಂದಲೇ ಕೈ ಮುಗೀತೀನಿ. ನನ್ನ ಕಿರೀ ಮಗ ತಿರುಮಲ ಇಲ್ಲೇ ಇದ್ದಾನಲ್ಲ, ನೀವು ಹೊರಡಿ."

ಹನ್ನೊಂದು ವರ್ಷದಿಂದ ಮಗ ದಿನಾ ಹೋಗಿಬರುತ್ತಿದ್ದ ಊರಿನಲ್ಲಿ ಅತ್ತೆಗೆ ಮೀನು ಕಂಡದ್ದು ಇವತ್ತೇ. ಜಯಲಕ್ಷ್ಮೀ ಇಣುಕಿ ನೋಡಿದಳು. ಜಾನಕಮ್ಮ ಗುನುಗುತ್ತಾ ಕಪಾಟಿನ ಮೇಲಿನ ಸಾಲು ಖಾಲಿ ಮಾಡುತ್ತಿದ್ದರು.

"ಜಯಾ, ನಿನ್ನ ಇಡ್ಲಿ ಪಾತ್ರೆ, ಪುಡಿ ಡಬ್ಬಿ, ಎಲ್ಲಾ ತಗೊಂಡ್ಹೋಗಮ್ಮ. ಒಂದೂ ಬಿಡಬೇಡ."