ರಾಕೆಟ್ಟಿನ ಮೂಗಿಗೆ ಎಂಟು ಗ್ರಾಂ

ನಮ್ಮ ಪ್ರಯೋಗಾಲಯದ ಲೋಲಕದ ದಾರ ತುಂಡಾಗಿ ಎರಡು ವರ್ಷ ಹಾಗೇ ಬಿದ್ದಿತ್ತು. ಆ ಎರಡೂ ವರ್ಷ ಎಲ್ಲ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಗುರುತ್ವದ ಬೆಲೆ ಒಂಬತ್ತು ಪಾಯಿಂಟ್ ಎಂಟು ಎಂದೇ ಬಂದಿತು. ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಶಾಲೆ ಇದು. ಉತ್ತರವನ್ನು ಪುಸ್ತಕದಲ್ಲಿ ಮೊದಲು ನೋಡುವುದು, ಆಮೇಲೆ ಅದಕ್ಕೆ ತಕ್ಕ ಅಳತೆಗಳನ್ನು ಕೂತಲ್ಲೇ ಹುಟ್ಟಿಸುವುದು. ಇಪ್ಪತ್ತಾರು ವರ್ಷದಿಂದ ನಾನು ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ಹೆಸರಾಗಿದ್ದರೂ ಇದೊಂದನ್ನು ಬಿಡಿಸಲು ನನ್ನ ಕೈಲಿ ಆಗಿರಲಿಲ್ಲ.

ಈ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಪ್ರತಿ ಶಾಲೆಯೂ ತನ್ನದೇ ಒಂದು ಪ್ರಯೋಗ ರೂಪಿಸಬೇಕು, ಅದಕ್ಕೆ ಮೂವತ್ತು ಅಂಕ, ಹೊರಗಿನ ಪರೀಕ್ಷಕರು ಬಂದು ನೋಡುತ್ತಾರೆ. ಯಾವ ಪುಸ್ತಕದಲ್ಲೂ ಉತ್ತರ ಸಿಗದ ಪ್ರಯೋಗ ಮಾಡಿಬಿಟ್ಟರೆ ಎಲ್ಲಿಂದ ಕದಿಯುತ್ತಾರೆ ನೋಡೋಣ ಎಂದು ನಾನು ಹಟಕ್ಕೆ ಬಿದ್ದೆ.

ನನ್ನ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ತಂಗಿಯ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಹೋದ ವರ್ಷ ಫೇಲಾಗಿದ್ದಳು. ಎರಡು ಸಲ ಫೇಲಾದವರನ್ನು ಶಾಲೆ ಇಟ್ಟುಕೊಳ್ಳುವುದಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ನನ್ನ ತಂಗಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: "ಅಕ್ಕಾ, ಈ ಸಲಾನೂ ಹೋದ್ರೆ ನನ್ನ ಪಕ್ಕದ ಮಿಷನ್ನಿಗೆ ಕೂರಿಸ್ತೀನಿ. ಇನ್ನೆಷ್ಟು ವರ್ಷ ಅಂತ ಕಾಯ್ಲಿ?" ಬರೆಯುವ ಪರೀಕ್ಷೆಯಲ್ಲಿ ಹುಡುಗಿ ತಡವರಿಸುತ್ತಾಳೆ. ಪ್ರಯೋಗದ ಮೂವತ್ತೂ ಪೂರ್ತಿ ಬಂದರೆ ಮಾತ್ರ ದಡ ಸೇರುತ್ತಿದ್ದಳು.

ಕಾಗದದ ರಾಕೆಟ್ಟಿನ ಪ್ರಯೋಗ ಕೂಡಿಸಲು ನನಗೆ ಮೂರು ತಿಂಗಳು ಹಿಡಿಯಿತು. ಕಾಗದವನ್ನು ಪೈಪಿನ ಮೇಲೆ ಸುತ್ತಿ ಅಂಟಿಸಿದರೆ ಅದೇ ರಾಕೆಟ್ಟು. ತುದಿ ಮುಚ್ಚಬೇಕು, ಬಾಲಕ್ಕೆ ಮೂರು ರೆಕ್ಕೆ ಅಂಟಿಸಬೇಕು. ಪೈಪಿನ ಇನ್ನೊಂದು ತುದಿಗೆ ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ. ಬಾಟಲಿಯನ್ನು ತುಳಿದರೆ ಗಾಳಿ ನುಗ್ಗಿ ರಾಕೆಟ್ಟು ಹಾರುತ್ತದೆ. ಆದರೆ ಒಬ್ಬರು ತುಳಿದ ಹಾಗೆ ಇನ್ನೊಬ್ಬರು ತುಳಿಯುವುದಿಲ್ಲ. ಅದಕ್ಕೆ ಕಾಲನ್ನು ಬಿಟ್ಟು, ಐದು ಕಿಲೋ ಮರಳಿನ ಚೀಲವನ್ನು ಒಂದು ಮೀಟರ್ ಎತ್ತರದಿಂದ ಬೀಳಿಸುವ ಏರ್ಪಾಟು ಮಾಡಿದೆ. ಪ್ರಶ್ನೆ ಒಂದೇ: ರಾಕೆಟ್ಟಿನ ಮೂಗಿಗೆ ಎಷ್ಟು ಗ್ರಾಂ ಜೇಡಿಮಣ್ಣು ಮೆತ್ತಿದರೆ ಅದು ಅತಿ ದೂರ ಹೋಗುತ್ತದೆ? ತೀರಾ ಹಗುರಾದರೆ ಗಾಳಿಯೇ ಹಿಡಿದು ನಿಲ್ಲಿಸುತ್ತದೆ, ತೀರಾ ಭಾರವಾದರೆ ಮೇಲೇಳುವುದೇ ಇಲ್ಲ. ನಡುವೆ ಎಲ್ಲೋ ಒಂದು ಒಳ್ಳೆಯ ತೂಕ ಇರುತ್ತದೆ. ಅದು ನನಗೂ ಗೊತ್ತಿರಲಿಲ್ಲ, ಅದೇ ನನ್ನ ಸಂತೋಷ.

ಕಚೇರಿಗೆ ಕಳಿಸುವ ಫಾರಂನಲ್ಲಿ 'ನಿರೀಕ್ಷಿತ ಫಲಿತಾಂಶ' ಎಂಬ ಕಾಲಂ ಇತ್ತು. ಖಾಲಿ ಬಿಟ್ಟು ಕಳಿಸಿದೆ. ವಾಪಸು ಬಂತು. "ಗೊತ್ತಿಲ್ಲ, ಅದನ್ನೇ ಕಂಡುಹಿಡಿಯಬೇಕು" ಎಂದು ಬರೆದೆ. ಅದೂ ವಾಪಸು ಬಂತು, ಈ ಸಲ ಕೆಂಪು ಗೀಟಿನೊಂದಿಗೆ. ಗುಮಾಸ್ತ ಫೋನಿನಲ್ಲಿ, "ಮೇಡಂ, ಏನಾದ್ರೂ ಒಂದು ತುಂಬಿ, ಯಾರ್ ನೋಡ್ತಾರೆ" ಎಂದ. ನನಗೂ ಸಾಕಾಗಿತ್ತು. ತರಗತಿಯಲ್ಲಿ ಪಟ್ಟಿ ತುಂಬುವ ರೀತಿ ತೋರಿಸಲೆಂದು ಬೋರ್ಡಿನ ಮೇಲೆ ಒಂದಿಷ್ಟು ಅಂಕಿ ಗೀಚಿದ್ದೆ. ಅದರಲ್ಲಿ ನಾಲ್ಕು ಗ್ರಾಂ ಎಲ್ಲಕ್ಕಿಂತ ದೂರ ಹೋಗಿತ್ತು. ಅದನ್ನೇ ಫಾರಂಗೆ ಇಳಿಸಿ ಕಳಿಸಿದೆ. "ಇವು ಬರೀ ಕಲ್ಪನೆಯವು" ಎಂದು ಮಕ್ಕಳಿಗೆ ಎರಡು ಸಲ ಹೇಳಿದ್ದೇನೆಂದು ಆಣೆ ಇಟ್ಟು ಹೇಳಬಲ್ಲೆ. ಫಾರಂಗೆ ಅಷ್ಟನ್ನೂ ಹೇಳಲಿಲ್ಲ.

ಹುಡುಗಿ ಮಾತ್ರ ಪ್ರಯೋಗಕ್ಕೆ ಅಂಟಿಕೊಂಡುಬಿಟ್ಟಳು. ಗಾಳಿ ಏಳುವ ಮೊದಲು, ಬೆಳಿಗ್ಗೆ ಆರೂವರೆಗೇ ಮೈದಾನದಲ್ಲಿರುತ್ತಿದ್ದಳು. ಆರು ತೂಕ, ಒಂದೊಂದಕ್ಕೂ ಹತ್ತು ಹಾರಾಟ, ಒಟ್ಟು ಅರವತ್ತು. ಪ್ರತಿ ಸಲವೂ ಬಿದ್ದ ಜಾಗಕ್ಕೆ ಓಡಿ, ಟೇಪು ಎಳೆದು, ಬರೆದುಕೊಂಡು ವಾಪಸು ಬರಬೇಕು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ಬಂದು ಹೇಳಿದಳು:

"ದೊಡ್ಡಮ್ಮಾ, ಬಾಟ್ಲಿ ಸುಸ್ತಾಗುತ್ತೆ."

"ಏನೇ ಹಾಗಂದ್ರೆ?"

"ಹೊಸದಿದ್ದಾಗ ಚೆನ್ನಾಗಿ ಊದುತ್ತೆ. ಹತ್ತು ಹನ್ನೆರಡು ಸಲ ಚೀಲ ಬಿದ್ಮೇಲೆ ಮೆತ್ತಗಾಗ್ಬಿಡುತ್ತೆ. ನಾನು ಹಗುರದ್ದನ್ನೆಲ್ಲಾ ಮೊದ್ಲು ಹಾರಿಸ್ತಿದ್ದೆ. ಭಾರದ್ದಕ್ಕೆ ಹಳೇ ಬಾಟ್ಲೀನೇ ಸಿಗ್ತಿತ್ತು. ಅದು ಅನ್ಯಾಯ ಅಲ್ವಾ?"

ಮೂರು ತಿಂಗಳು ತಲೆ ಕೆಡಿಸಿಕೊಂಡ ನನಗೇ ಇದು ಹೊಳೆದಿರಲಿಲ್ಲ. ಅವಳು ಬರೆದದ್ದನ್ನೆಲ್ಲ ಹರಿದು ಹಾಕಿದಳು. ತೂಕಗಳನ್ನು ಚೀಟಿಯಲ್ಲಿ ಬರೆದು, ಮಡಿಸಿ, ಡಬ್ಬಿಗೆ ಹಾಕಿ, ಪ್ರತಿ ಸಲ ಒಂದೊಂದು ಎತ್ತಿ ಹಾರಿಸಿದಳು. ಯಾವ ತೂಕಕ್ಕೆ ಯಾವ ಬಾಟಲಿ ಎಂಬುದು ಅವಳ ಕೈಯಲ್ಲಿ ಇರಬಾರದಂತೆ. ಮತ್ತೆ ಅರವತ್ತು. ಇವಳನ್ನೇ ದಡ್ಡಿ ಎಂದು ಹೋದ ವರ್ಷ ಫೇಲು ಮಾಡಿದ್ದೆವು. ಅಳತೆಗಳು ಚೆಲ್ಲಾಪಿಲ್ಲಿಯಾಗಿದ್ದವು, ಒಂದು ಹನ್ನೊಂದು ಮೀಟರ್, ಒಂದು ಹದಿನೇಳು. ಆದರೂ ಸರಾಸರಿಯಲ್ಲಿ ಎಂಟು ಗ್ರಾಂ ಗೆದ್ದಿತ್ತು. ನನಗೆ ಎಷ್ಟೋ ವರ್ಷದ ಮೇಲೆ ಮನಸ್ಸು ತುಂಬಿ ಬಂತು.

ಪರೀಕ್ಷೆಗೆ ಮೂರು ದಿನ ಇರುವಾಗ ಎಲ್ಲರ ರೆಕಾರ್ಡುಗಳು ನನ್ನ ಮೇಜಿಗೆ ಬಂದವು. ಉಳಿದ ಮೂವತ್ತೆಂಟು ಮಕ್ಕಳದೂ ಒಂದೇ ಉತ್ತರ: ನಾಲ್ಕು ಗ್ರಾಂ. ದಶಾಂಶದ ಸಮೇತ ನನ್ನ ಬೋರ್ಡಿನ ಅಂಕಿಗಳೇ! ಎರಡು ಮೂರು ಸಲ ರಾಕೆಟ್ಟು ಹಾರಿಸಿ, ನಕ್ಕು, ಮನೆಗೆ ಹೋಗಿದ್ದರು. ನಾನು ಕಿರುಚಾಡಿದೆ, ಪುಸ್ತಕಗಳನ್ನು ನೆಲಕ್ಕೆ ಎಸೆದೆ.

"ಮಿಸ್, ನೀವೇ ಬರ್ದಿದ್ರಲ್ಲಾ," ಎಂದಳು ಮುಂದಿನ ಬೆಂಚಿನವಳು. ನಿಜಕ್ಕೂ ಅವಳಿಗೆ ತನ್ನ ತಪ್ಪೇನೆಂದು ಗೊತ್ತಿರಲಿಲ್ಲ.

ಮತ್ತೆ ಮಾಡಿಸಲು ದಿನಗಳಿರಲಿಲ್ಲ. ಒಂದಾದರೂ ನಿಜವಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಮೂವತ್ತೊಂಬತ್ತಕ್ಕೂ ಸಹಿ ಹಾಕಿದೆ.

ಪರೀಕ್ಷಕರು ಸೌಮ್ಯ ಮನುಷ್ಯ. ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಪುಸ್ತಕ ಒಂದೊಂದಾಗಿ ತೆಗೆದು, ಫಾರಂನ ಪಕ್ಕ ಇಟ್ಟು, ಹೋಲಿಸಿ, ಅಂಕ ಹಾಕುತ್ತ ಹೋದರು. ಹುಡುಗಿಯದು ಬಂದಾಗ ಕೈ ನಿಂತಿತು.

"ಇದೊಂದು ತಪ್ಪಿದೆ ಮೇಡಂ. ಈ ಮಗು ಪ್ರಯೋಗ ಮಾಡೇ ಇಲ್ಲ ಅನ್ಸುತ್ತೆ."

"ಸರ್, ಮಾಡಿದ್ದು ಅವಳೊಬ್ಳೇ."

"ಮತ್ತೆ ಫಾರಂನಲ್ಲಿ ನಾಲ್ಕು ಅಂತ ನೀವೇ ಕೊಟ್ಟಿದ್ದೀರಲ್ಲ? ಮೂವತ್ತೆಂಟು ಜನಕ್ಕೂ ನಾಲ್ಕೇ ಬಂದಿದೆ."

ಬಾಯಿ ತೆರೆದೆ. ಆ ಅಂಕಿ ನಾನು ಹುಟ್ಟಿಸಿದ್ದು ಎಂದರೆ ಪ್ರಯೋಗವೇ ರದ್ದು. ಮೂವತ್ತೆಂಟು ಮಕ್ಕಳಿಗೂ ಸೊನ್ನೆ, ಅವರೊಂದಿಗೆ ಅವಳಿಗೂ ಸೊನ್ನೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಈಗ ಯಾರ ಮೇಲೆ ಕೂಗಾಡಲಿ? ಬಾಯಿ ಮುಚ್ಚಿದೆ.

ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದರು. "ಮಕ್ಕಳು ಗಾಬರಿಲಿ ತಪ್ಪು ಬರೀತಾರೆ. ಹತ್ತು ನಿಮಿಷ ಕೊಡ್ತೀನಿ, ಸರಿಯಾಗಿ ಬರ್ಕೊಡೋದಕ್ಕೆ ಹೇಳಿ." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಹಾಳೆ ಹಿಡಿದು ಕೊನೆಯ ಮೇಜಿಗೆ ಹೋದೆ. ಅವಳು ತಲೆಯೆತ್ತಿದಳು.

"ನಾಲ್ಕು ಗ್ರಾಂ ಅಂತ ಬರಿ."

"ನಾನೆಲ್ಲಿ ತಪ್ಪಿದ್ದೀನಿ ದೊಡ್ಡಮ್ಮಾ?" ಶಾಲೆಯಲ್ಲಿ ಮಿಸ್ ಎನ್ನಬೇಕೆಂಬುದೂ ಅವಳಿಗೆ ಮರೆತಿತ್ತು.

"ಎಲ್ಲೂ ತಪ್ಪಿಲ್ಲ."

"ಮತ್ತೆ?"

"ಬರಿ ಅಂದ್ನಲ್ಲಾ. ನಿಮ್ಮಮ್ಮ ಮಿಷನ್ನು ರೆಡಿ ಇಟ್ಕೊಂಡು ಕೂತಿದ್ದಾಳೆ ಅಲ್ಲಿ." ಎಲ್ಲರ ಮೇಲೂ ಬರುವ ಕೋಪ ಆ ಹೊತ್ತಿಗೆ ಅವಳ ಮೇಲೆ ಬಂದಿತ್ತು.

ಅವಳು ಬಿಳಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಸ್ಕೇಲು ಇಟ್ಟು ಗೆರೆ ಎಳೆದಳು. ಪಟ್ಟಿಯ ಅರವತ್ತು ಮನೆಗಳನ್ನು ಎಂಟು ನಿಮಿಷದಲ್ಲಿ ತುಂಬಿದಳು, ಒಮ್ಮೆಯೂ ಪೆನ್ನು ನಿಲ್ಲಿಸಲಿಲ್ಲ.

ಪರೀಕ್ಷಕರು ಆ ಹಾಳೆಯನ್ನು ಎರಡು ಸಲ ಓದಿದರು. ಉಳಿದವರ ಅಂಕಿಗಳು ಇಸ್ತ್ರಿ ಹಾಕಿದಂತೆ ನುಣ್ಣಗಿದ್ದವು. ಇವಳದರಲ್ಲಿ ಒಂದು ಹಾರಾಟ ಗೋತಾ ಹೊಡೆದಿತ್ತು, ಒಂದು ವಿಪರೀತ ದೂರ ಹೋಗಿತ್ತು, ಹಳೆಯ ಬಾಟಲಿಯ ಅಳತೆಗಳು ಚೂರು ಚೂರೇ ಕುಗ್ಗುತ್ತ ಬಂದು ಹೊಸ ಬಾಟಲಿಗೆ ಮತ್ತೆ ಜಿಗಿದಿದ್ದವು. ಸರಾಸರಿಯಲ್ಲಿ ಮಾತ್ರ ಸರಿಯಾಗಿ ನಾಲ್ಕು ಗ್ರಾಂ ಗೆದ್ದು ಕೂತಿತ್ತು.

"ನೋಡಿ ಮೇಡಂ," ಎಂದರು ಅವರು ಕನ್ನಡಕ ಇಳಿಸುತ್ತ, "ನಿಜವಾಗಿ ಮಾಡಿದ ಪ್ರಯೋಗ ಅಂದ್ರೆ ಇದು. ಇಷ್ಟು ಮಕ್ಕಳಲ್ಲಿ ಇದೊಂದೇ." ಮೂವತ್ತಕ್ಕೆ ಮೂವತ್ತು ಹಾಕಿ, ಎಲ್ಲರಿಗೂ ಕಾಣಲಿ ಎಂದು ಹಾಳೆಯನ್ನು ಮೇಲೆತ್ತಿ ಹಿಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು.

ಅವಳು ಪಾಸಾಗುವುದು ಅಲ್ಲಿಗೆ ಖಾತ್ರಿಯಾಯಿತು. ಇಬ್ಬರೂ ಮನೆಗೆ ನಡೆದು ಹೊರಟೆವು. ರಸ್ತೆ ದಾಟುವಲ್ಲಿ ವಾಹನಗಳು ನಿಲ್ಲಲೆಂದು ಕಾಯುತ್ತ ನಿಂತಾಗ ಅವಳೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಲೆಕ್ಕ ತಿಳಿಯದ ಮಗು ಕೇಳುವ ಹಾಗಿತ್ತು.

"ಸುಮ್ನೆ ಬರೆಯೋದು ಇಷ್ಟು ಸುಲಭ ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಲ್ಲಾ ದೊಡ್ಡಮ್ಮಾ? ಮತ್ತೆ ಅಷ್ಟು ಸಲ ನಾನು ಓಡ್ತಿದ್ದಾಗ ನೀವ್ಯಾಕೆ ಸುಮ್ನೆ ನೋಡ್ತಾ ಕೂತಿದ್ರಿ?"

ವಾಹನಗಳು ನಿಂತವು. ಅವಳು ನನ್ನ ಉತ್ತರಕ್ಕೆ ಕಾಯದೆ ದಾಟಿ ಹೋದಳು.